ಇಲಿ, ಸೂಜಿ, ಕರೆಂಟು ಮತ್ತು ಪಾರ್ಕಿನ್ಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕಂಪವಾತ, ಬಂದು ಏಳು ವರ್ಷ ಆಯಿತು. ನಾನು ಓದಿದ್ದು ಜೀವರಸಾಯನ ವಿಜ್ಞಾನ. ಎಂಎಸ್ಸಿ ಮುಗಿಸಿದ ಮೇಲೆ ಎರಡು ವರ್ಷ ಲ್ಯಾಬಿನಲ್ಲಿ ಇಲಿಗಳ ಜೊತೆ ಕೆಲಸ ಮಾಡಿದ್ದೇನೆ. ಹಾಗಾಗಿ ನೆಂಟರು, ಅಪ್ಪನ ವಾಕಿಂಗ್ ಗೆಳೆಯರು, ಅವರ ಮಕ್ಕಳು ಎಲ್ಲರೂ ನನಗೆ ಒಂದೇ ಸುದ್ದಿ ಕಳಿಸುತ್ತಾರೆ. ಸೂಜಿಗೆ ಕರೆಂಟ್ ಕೊಟ್ಟರೆ ಪಾರ್ಕಿನ್ಸನ್ ವಾಸಿಯಾಗುತ್ತದಂತೆ, ಇಲಿಗಳಲ್ಲಿ ಸಾಬೀತಾಗಿದೆಯಂತೆ, ನಿಜಾನಾ ಅಂತ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಎಲೆಕ್ಟ್ರೋಅಕ್ಯುಪಂಕ್ಚರ್ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ಅಕ್ಯುಪಂಕ್ಚರ್ ಅಂದರೆ ಕೂದಲಿನಷ್ಟು ಸಣ್ಣ ಸೂಜಿಯನ್ನು ಮೈಯ ಗೊತ್ತಾದ ಜಾಗಗಳಲ್ಲಿ ಚುಚ್ಚುವುದು. ಅದಕ್ಕೆ ಎರಡು ವೈರ್ ಸಿಕ್ಕಿಸಿ ಸಣ್ಣ ಕರೆಂಟ್ ಹಾಯಿಸಿದರೆ ಎಲೆಕ್ಟ್ರೋಅಕ್ಯುಪಂಕ್ಚರ್. ಕರೆಂಟ್ ಅಂದ ಕೂಡಲೇ ಹೆದರಬೇಡಿ. ಮನೆಯ ಪ್ಲಗ್ಗಿನ ಕರೆಂಟ್ ಅಲ್ಲ, ಒಂದೆರಡು ಮಿಲಿಆಂಪಿಯರ್ ಅಷ್ಟೇ. ಇಲಿಗಳಿಗೆ ಸಾಮಾನ್ಯವಾಗಿ ಅರ್ಧ ಗಂಟೆ ಕೊಡುತ್ತಾರೆ.

ಇದರಲ್ಲಿ ಮುಖ್ಯವಾದದ್ದು ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಮಿಡಿತ ಅನ್ನುವುದು. ಲ್ಯಾಬಿನಲ್ಲಿ ಪಕ್ಕದ ಮೇಜಿನವರು ಇದನ್ನು ಮಾಡುತ್ತಿದ್ದಾಗ ಹತ್ತಿರ ನಿಂತು ನೋಡಿದ್ದೇನೆ. 2 ಹರ್ಟ್ಸ್‌ನಲ್ಲಿ ಇಲಿಯ ಹಿಂಗಾಲು ಟಕ್ ಟಕ್ ಅಂತ ಎಣಿಸುವ ಹಾಗೆ ಮಿಡಿಯುತ್ತದೆ. 100 ಹರ್ಟ್ಸ್‌ಗೆ ತಿರುಗಿಸಿದರೆ ಮಿಡಿತ ಬೇರೆ ಬೇರೆಯಾಗಿ ಕಾಣುವುದೇ ಇಲ್ಲ, ಸ್ನಾಯು ಒಂದೇ ಬಿಗಿಯಾಗಿ ನಿಲ್ಲುತ್ತದೆ. ಮೈ ಈ ಎರಡಕ್ಕೂ ಒಂದೇ ರೀತಿ ಸ್ಪಂದಿಸುವುದಿಲ್ಲ ಅಂತ ಬೀಜಿಂಗ್‌ನ ಹಾನ್ ಜಿಷೆಂಗ್ ಅವರ ತಂಡ ನೋವಿನ ಸಂಶೋಧನೆಯಲ್ಲಿ ತೋರಿಸಿತು. ನೋವು ತಗ್ಗಿಸಲು ಮೈಯೇ ತಯಾರಿಸುವ ರಾಸಾಯನಿಕಗಳಲ್ಲಿ 2 ಹರ್ಟ್ಸ್‌ಗೆ ಎನ್ಕೆಫಲಿನ್ ಥರದವು, 100 ಹರ್ಟ್ಸ್‌ಗೆ ಡೈನಾರ್ಫಿನ್ ಬಿಡುಗಡೆಯಾಗುತ್ತವೆ. ಹಾಗಾಗಿ "ಎಲೆಕ್ಟ್ರೋಅಕ್ಯುಪಂಕ್ಚರ್ ಕೊಟ್ಟೆವು" ಅಂದರೆ ಸಾಲದು. ಎಷ್ಟು ಹರ್ಟ್ಸ್, ಎಷ್ಟು ಕರೆಂಟ್, ಎಲ್ಲಿ, ಯಾವಾಗ ಅಂತ ಕೇಳಬೇಕು.

ಪಾರ್ಕಿನ್ಸನ್‌ಗೂ ಮೆದುಳಿನ ಮೆಟಬಾಲಿಸಮ್‌ಗೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಮೆಟಬಾಲಿಸಮ್ ಅಂದರೆ ಇಲ್ಲಿ ಕೋಶಗಳು ಸಕ್ಕರೆ ಉರಿಸಿ ಶಕ್ತಿ ಮಾಡಿಕೊಳ್ಳುವ ಕೆಲಸ. ನಮ್ಮ ಮೆದುಳು ಮೈಯ ತೂಕದಲ್ಲಿ ಶೇಕಡಾ 2ರಷ್ಟು. ಆದರೆ ಮೈ ಸುಮ್ಮನೆ ಇರುವಾಗ ಖರ್ಚಾಗುವ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಅದೊಂದೇ ತಿನ್ನುತ್ತದೆ. ಆ ಮೆದುಳಿನೊಳಗೂ ಕೆಲವು ನರಕೋಶಗಳಿಗೆ ಹಸಿವು ಜಾಸ್ತಿ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಅಂಥವೇ.

ಮೆದುಳಿನ ಬುಡದ ಹತ್ತಿರ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಒಂದು ಚಿಕ್ಕ ಭಾಗ ಇದೆ. ಕತ್ತರಿಸಿ ನೋಡಿದರೆ ಕಪ್ಪಗೆ ಕಾಣುತ್ತದೆ, ಹೆಸರಿನ ಅರ್ಥವೂ ಕಪ್ಪು ವಸ್ತು ಅಂತಲೇ. ಅಲ್ಲಿನ ನರಕೋಶಗಳು ಡೋಪಮಿನ್ ಅನ್ನುವ ಸಂದೇಶವಾಹಕ ರಾಸಾಯನಿಕ ತಯಾರಿಸಿ, ಚಲನೆಯನ್ನು ನಿಯಂತ್ರಿಸಲು ನೆರವಾಗುವ ಸ್ಟ್ರಯೇಟಮ್ ಅನ್ನುವ ಭಾಗಕ್ಕೆ ಕಳಿಸುತ್ತವೆ. ಒಂದೊಂದು ಕೋಶವೂ ದೊಡ್ಡ ಆಲದ ಮರದ ಹಾಗೆ ಕವಲೊಡೆದಿರುತ್ತದೆ. ಮನುಷ್ಯರಲ್ಲಿ ಇಂಥ ಒಂದು ಕೋಶ ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕ ಮಾಡಿಕೊಂಡಿರಬಹುದು ಅಂತ ಅಂದಾಜು. ಅಷ್ಟೂ ಕವಲುಗಳಿಗೆ ಶಕ್ತಿ ಹೋಗಬೇಕು. ಸಾಲದ್ದಕ್ಕೆ ಇವು ಯಾರೂ ಹೇಳದಿದ್ದರೂ ತಾವೇ ಹಗಲೂ ರಾತ್ರಿ ಮಿಡಿಯುತ್ತಿರುತ್ತವೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳಗೆ ಬರುತ್ತದೆ, ಅದನ್ನು ಹೊರಗೆ ಹಾಕಲು ಮತ್ತೆ ಶಕ್ತಿ ಬೇಕು.

ಕೋಶದ ಶಕ್ತಿ ತಯಾರಾಗುವುದು ಮೈಟೊಕಾಂಡ್ರಿಯದಲ್ಲಿ. ಅಲ್ಲಿ ಸ್ವಲ್ಪ ಕೆಟ್ಟರೂ ಮೊದಲು ಬೀಳುವುದು ಈ ಕೋಶಗಳೇ. ಪಾರ್ಕಿನ್ಸನ್ ಇದ್ದು ತೀರಿಕೊಂಡವರ ಮೆದುಳಿನಲ್ಲಿ ಮೈಟೊಕಾಂಡ್ರಿಯದ ಕಾಂಪ್ಲೆಕ್ಸ್ 1 ಅನ್ನುವ ಭಾಗದ ಕೆಲಸ ಕಡಿಮೆಯಾಗಿರುವುದು 1989ರಲ್ಲೇ ಗೊತ್ತಾಯಿತು.

ಇಲಿಗೆ ಪಾರ್ಕಿನ್ಸನ್ ಹೇಗೆ ಬರುತ್ತದೆ?

ತಾನಾಗಿ ಬರುವುದಿಲ್ಲ, ನಾವು ತರಿಸುತ್ತೇವೆ. ಈ ಸಂಶೋಧನೆಯಲ್ಲಿ ಜಾಸ್ತಿ ಬಳಸುವುದು ಎರಡು ವಿಷಗಳನ್ನು.

ಮೊದಲನೆಯದು 6-ಹೈಡ್ರಾಕ್ಸಿಡೋಪಮಿನ್. 1968ರಲ್ಲಿ ಸ್ವೀಡನ್ನಿನ ಉಂಗರ್‌ಸ್ಟೆಡ್ ತೋರಿಸಿದ ದಾರಿ ಇದು. ಈ ವಿಷ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಅದಕ್ಕೇ ತಲೆಬುರುಡೆಗೆ ಸಣ್ಣ ತೂತು ಕೊರೆದು ನೇರವಾಗಿ ಮೆದುಳಿಗೇ ಬಿಡಬೇಕು. ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಮಾತ್ರ ಕೊಡುತ್ತಾರೆ. ಕೆಲವು ವಾರ ಬಿಟ್ಟು ಇಲಿಗೆ ಡೋಪಮಿನ್‌ನಂತೆ ಕೆಲಸ ಮಾಡುವ ಅಪೊಮಾರ್ಫಿನ್ ಔಷಧಿ ಚುಚ್ಚಿ ದುಂಡನೆ ಬೋಗುಣಿಯಲ್ಲಿ ಬಿಟ್ಟರೆ ಅದು ಪೆಟ್ಟಾದ ಪಕ್ಕದ ವಿರುದ್ಧ ದಿಕ್ಕಿಗೆ ಸುತ್ತುತ್ತಲೇ ಇರುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸುವುದೇ ಪರೀಕ್ಷೆ. ನಾನು ಮೊದಲ ಸಲ ಎಣಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆ ಇಲಿಗಳ ಋಣ ಈ ವಿಷಯದ ಮೇಲೆ ದೊಡ್ಡದಿದೆ. ಅವುಗಳಿಂದ ಸಿಕ್ಕ ಫಲಿತಾಂಶವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು ಅಂತ ನನಗೆ ಅನ್ನಿಸುವುದು ಅದಕ್ಕೇ.

ಎರಡನೆಯದು ಎಂಪಿಟಿಪಿ. ಇದರ ಕಥೆ 1982ರ ಕ್ಯಾಲಿಫೋರ್ನಿಯಾದ್ದು. ಕದ್ದುಮುಚ್ಚಿ ತಯಾರಿಸಿದ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದ ಹಾಗೆ ಕಲ್ಲಿನಂತೆ ಬಿಗಿದು, ಮಾತೂ ಆಡಲಾಗದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದರು. ನೋಡಿದರೆ ಥೇಟ್ ಹಳೆಯ ಪಾರ್ಕಿನ್ಸನ್ ರೋಗಿಗಳ ಹಾಗೆ. ಡಾಕ್ಟರ್ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಗಾರರು ಹುಡುಕಿಕೊಂಡು ಹೋದಾಗ ಆ ಮಾದಕ ವಸ್ತುವಿನಲ್ಲಿ ಎಂಪಿಟಿಪಿ ಬೆರೆತಿರುವುದು ಸಿಕ್ಕಿತು. ಇದು ಮೆದುಳಿಗೆ ದಾಟುತ್ತದೆ, ಅಲ್ಲಿ ಎಂಎಒ-ಬಿ ಅನ್ನುವ ಕಿಣ್ವ ಇದನ್ನು ನಿಜವಾದ ವಿಷವಾಗಿ ಬದಲಿಸುತ್ತದೆ. ಡೋಪಮಿನ್ ಒಳಗೆ ಹೋಗುವ ಬಾಗಿಲಿನಿಂದಲೇ ಆ ವಿಷವೂ ಕೋಶದೊಳಗೆ ನುಗ್ಗಿ ಕಾಂಪ್ಲೆಕ್ಸ್ 1 ಅನ್ನು ತಡೆಯುತ್ತದೆ. ಶಕ್ತಿ ತಯಾರಾಗುವುದು ನಿಂತು ಕೋಶ ಸಾಯುತ್ತದೆ. ಪಾರ್ಕಿನ್ಸನ್ ಅಂದರೆ ಮೆಟಬಾಲಿಸಮ್ ಕಾಯಿಲೆಯೂ ಹೌದು ಅನ್ನುವ ಮಾತಿಗೆ ದೊಡ್ಡ ಬಲ ಬಂದದ್ದು ಇಲ್ಲಿಂದಲೇ.

ದೊಡ್ಡ ಇಲಿಗಳು ಎಂಪಿಟಿಪಿಗೆ ಅಷ್ಟು ಬಗ್ಗುವುದಿಲ್ಲ. ಸಿ57 ಬ್ಲ್ಯಾಕ್ 6 ಅನ್ನುವ ಕಪ್ಪು ಸುಂಡಿಲಿಗಳು ಬಗ್ಗುತ್ತವೆ. ಅದಕ್ಕೇ ಇಂಥ ಪ್ರಯೋಗಗಳಲ್ಲಿ ಅವೇ ಜಾಸ್ತಿ.

ಮೆದುಳಿನ ಮೆಟಬಾಲಿಸಮ್ ಅನ್ನು ಅಳೆಯುವುದು ಹೇಗೆ?

ಒಂದು ದಾರಿ ಎಫ್‌ಡಿಜಿ-ಪೆಟ್ ಸ್ಕ್ಯಾನ್. ಗ್ಲೂಕೋಸ್‌ಗೆ ಫ್ಲೋರಿನ್-18 ಅನ್ನುವ ವಿಕಿರಣ ಗುರುತು ಅಂಟಿಸಿ ರಕ್ತಕ್ಕೆ ಬಿಡುತ್ತಾರೆ. ಹಸಿದ ಕೋಶಗಳು ಅದನ್ನೂ ಸಕ್ಕರೆ ಅಂತ ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಮೊದಲ ಮೆಟ್ಟಿಲು ಹತ್ತುತ್ತದೆ, ಎರಡನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲಿ ಜಾಸ್ತಿ ಸಿಕ್ಕಿಹಾಕಿಕೊಂಡಿದೆಯೋ ಅಲ್ಲಿ ಕೆಲಸ ಜಾಸ್ತಿ ನಡೆದಿದೆ ಅಂತ ಲೆಕ್ಕ. ಸುಮಾರು 110 ನಿಮಿಷಕ್ಕೆ ಆ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಎಲ್ಲವೂ ಅವಸರದಲ್ಲೇ ನಡೆಯಬೇಕು.

ಇನ್ನೊಂದು ದಾರಿ ಎಂಆರ್ ಸ್ಪೆಕ್ಟ್ರೋಸ್ಕೋಪಿ. ಎಂಆರ್‌ಐ ಯಂತ್ರವೇ, ಆದರೆ ಚಿತ್ರದ ಬದಲು ಲ್ಯಾಕ್ಟೇಟ್, ಗ್ಲುಟಮೇಟ್, ಕ್ರಿಯಾಟಿನ್, ಎನ್-ಅಸಿಟೈಲ್ ಆಸ್ಪರ್ಟೇಟ್ ಇಂಥ ರಾಸಾಯನಿಕಗಳು ಎಷ್ಟೆಷ್ಟಿವೆ ಅಂತ ಹೇಳುತ್ತದೆ. ಮೂರನೆಯದು ನೇರವಾದದ್ದು. ಪ್ರಯೋಗ ಮುಗಿದ ಮೇಲೆ ಮೆದುಳಿನ ತುಣುಕು ತೆಗೆದು ರಾಸಾಯನಿಕಗಳನ್ನು ಅಳೆಯುವುದು.

ಒಂದು ತೊಡಕು ಹೇಳಲೇಬೇಕು. ಸುಂಡಿಲಿಯ ಇಡೀ ಮೆದುಳು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಪ್ರಾಣಿಗಳಿಗೆಂದೇ ಮಾಡಿದ ಪೆಟ್ ಯಂತ್ರಕ್ಕೂ ಒಂದು ಮಿಲಿಮೀಟರ್‌ಗಿಂತ ಚಿಕ್ಕ ಜಾಗ ಮಸುಕು. ಜೊತೆಗೆ ಇಲಿ ಅಲ್ಲಾಡಬಾರದು ಅಂತ ಅರಿವಳಿಕೆ ಕೊಟ್ಟರೆ ಆ ಅರಿವಳಿಕೆಯೇ ಮೆದುಳಿನ ಸಕ್ಕರೆ ಬಳಕೆಯನ್ನು ಬದಲಿಸುತ್ತದೆ. ಅರಿವಳಿಕೆ ಇಲ್ಲದೆ ಹಿಡಿದುಕೊಂಡರೆ ಹೆದರಿಕೆ ಬದಲಿಸುತ್ತದೆ. ಸೂಜಿಯಿಂದ ಎಷ್ಟು, ಹೆದರಿಕೆಯಿಂದ ಎಷ್ಟು ಅಂತ ಬೇರ್ಪಡಿಸುವುದೇ ಈ ಕೆಲಸದ ಕಷ್ಟ.

ಪಾರ್ಕಿನ್ಸನ್ ಇದ್ದರೆ ಮೆದುಳಿನ ಸಕ್ಕರೆ ಬಳಕೆ ಕಡಿಮೆಯಾಗುತ್ತದೆ, ಅಲ್ವಾ?

ಎಲ್ಲ ಕಡೆ ಅಲ್ಲ. ನ್ಯೂಯಾರ್ಕ್‌ನ ಡೇವಿಡ್ ಐಡಲ್‌ಬರ್ಗ್ ಅವರ ತಂಡ ರೋಗಿಗಳ ಸ್ಕ್ಯಾನ್‌ಗಳಲ್ಲಿ ಒಂದು ನಮೂನೆ ಗುರುತಿಸಿತು. ಗ್ಲೋಬಸ್ ಪ್ಯಾಲಿಡಸ್, ಥಲಾಮಸ್, ಪಾನ್ಸ್, ಸೆರೆಬೆಲ್ಲಮ್ ಅನ್ನುವ ಭಾಗಗಳಲ್ಲಿ ಬಳಕೆ ಹೆಚ್ಚು. ಹಣೆಯ ಕಡೆಯ ಚಲನೆ ಯೋಜಿಸುವ ಭಾಗಗಳಲ್ಲಿ, ನಡುನೆತ್ತಿಯ ಪಕ್ಕದಲ್ಲಿ ಕಡಿಮೆ. ಡೋಪಮಿನ್ ಇಳಿದಾಗ ಕೆಲವು ಭಾಗಗಳು ಕಡಿವಾಣ ತಪ್ಪಿ ಅತಿಯಾಗಿ ದುಡಿಯುತ್ತವೆ. 1990ರಲ್ಲಿ ಬರ್ಗ್‌ಮನ್, ವಿಚ್‌ಮನ್, ಡಿಲಾಂಗ್ ಮೂವರೂ ಎಂಪಿಟಿಪಿ ಕೊಟ್ಟ ಕೋತಿಗಳಲ್ಲಿ ಅಂಥ ಒಂದು ಭಾಗವನ್ನು, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನು, ಸುಮ್ಮನಾಗಿಸಿದರು. ಕೋತಿಗಳು ಮತ್ತೆ ಓಡಾಡಿದವು. ಇವತ್ತು ಮೆದುಳಿಗೆ ತಂತಿ ಇಡುವ ಡಿಬಿಎಸ್ ಆಪರೇಷನ್‌ಗೆ ಬುನಾದಿ ಹಾಕಿದ ಕೆಲಸಗಳಲ್ಲಿ ಇದೂ ಒಂದು.

ಆದ್ದರಿಂದ ಯಾವುದಾದರೂ ಲೇಖನ "ಸೂಜಿ ಚಿಕಿತ್ಸೆ ಮೆದುಳಿನ ಮೆಟಬಾಲಿಸಮ್ ಹೆಚ್ಚಿಸಿತು" ಅಂದರೆ ಎಲ್ಲಿ ಅಂತ ಕೇಳಿ. ಕೆಲವು ಕಡೆ ಹೆಚ್ಚಿದರೆ ಒಳ್ಳೆಯದು, ಕೆಲವು ಕಡೆ ಇಳಿದರೇ ಒಳ್ಳೆಯದು.

ಸರಿ, ಇಲಿಗಳಲ್ಲಿ ಏನು ಕಂಡಿದೆ?

ಕಂಡಿರುವುದು ಸಣ್ಣದೇನಲ್ಲ. ಬೀಜಿಂಗ್‌ನ ಸಂಶೋಧಕರು ಡೋಪಮಿನ್ ನರಗಳ ಕಟ್ಟನ್ನು ಕತ್ತರಿಸಿದ ಇಲಿಗಳಿಗೆ 100 ಹರ್ಟ್ಸ್ ಎಲೆಕ್ಟ್ರೋಅಕ್ಯುಪಂಕ್ಚರ್ ಅನ್ನು ತುಂಬಾ ದಿನ ಕೊಟ್ಟರು. ಚಿಕಿತ್ಸೆ ಸಿಕ್ಕ ಇಲಿಗಳಲ್ಲಿ ಹೆಚ್ಚು ಡೋಪಮಿನ್ ಕೋಶಗಳು ಉಳಿದವು, ನರಕೋಶಗಳನ್ನು ಪೋಷಿಸುವ ಬಿಡಿಎನ್ಎಫ್ ಅನ್ನುವ ಪ್ರೋಟೀನನ್ನು ತಯಾರಿಸು ಅಂತ ಕೋಶದೊಳಗೆ ಹೋಗುವ ಸಂದೇಶ (ಎಂಆರ್‌ಎನ್‌ಎ) ಏರಿತ್ತು. ದಕ್ಷಿಣ ಕೊರಿಯಾದ ಸೋಲ್ ನಗರದ ಕ್ಯುಂಗ್ ಹೀ ಯೂನಿವರ್ಸಿಟಿಯವರು ಕರೆಂಟೇ ಇಲ್ಲದ ಬರಿ ಸೂಜಿಯಿಂದಲೂ 6-ಹೈಡ್ರಾಕ್ಸಿಡೋಪಮಿನ್ ಇಲಿಗಳಲ್ಲಿ ಕೋಶಗಳು ಉಳಿದದ್ದನ್ನು 2003ರಲ್ಲಿ ವರದಿ ಮಾಡಿದರು. ಬೇರೆ ಬೇರೆ ಪ್ರಯೋಗಗಳಲ್ಲಿ ಉರಿಯೂತದ ಮೈಕ್ರೋಗ್ಲಿಯಾ ಕೋಶಗಳ ಅಬ್ಬರ ಇಳಿದದ್ದು, ಆಕ್ಸಿಡೇಟಿವ್ ಹಾನಿ ತಗ್ಗಿದ್ದು ಕೂಡ ಕಂಡಿದೆ.

ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಕೆಲವು ಪ್ರಯೋಗಗಳಲ್ಲಿ ಇಲಿಯ ನಡಿಗೆ ಸುಧಾರಿಸಿತು, ಆದರೆ ಕಳೆದುಹೋದ ಡೋಪಮಿನ್ ಮರಳಿ ತುಂಬಿರಲಿಲ್ಲ. ಹಾಗಾದರೆ ಸುಧಾರಣೆ ಬಂದದ್ದು ಎಲ್ಲಿಂದ? ಬದಲಾದದ್ದು ಗಾಬಾ, ಗ್ಲುಟಮೇಟ್ ಥರದ ಸಂದೇಶವಾಹಕಗಳ ಸಮತೋಲನ ಇರಬಹುದು. ಅಂದರೆ ಸತ್ತ ಕೋಶ ಎದ್ದಿಲ್ಲ, ಉಳಿದ ಜಾಲ ಬೇರೆ ಥರ ಹೊಂದಿಕೊಂಡಿದೆ. ಗಾಬಾ, ಗ್ಲುಟಮೇಟ್ ಎರಡೂ ತಯಾರಾಗುವುದು ಗ್ಲೂಕೋಸ್ ಉರಿಯುವ ದಾರಿಯಲ್ಲೇ. ಅದಕ್ಕೇ ಮೆಟಬಾಲಿಸಮ್ ಅಳೆಯುವುದು ಇಲ್ಲಿ ಮುಖ್ಯವಾಗುತ್ತದೆ. ಡೋಪಮಿನ್ ಒಂದನ್ನೇ ನೋಡಿದರೆ ಈ ಅರ್ಧ ಕಥೆ ಕಣ್ಣಿಗೆ ಬೀಳುವುದಿಲ್ಲ.

ಕಾಲಿಗೆ ಚುಚ್ಚಿದರೆ ಮೆದುಳಿಗೆ ಹೇಗೆ ತಲುಪುತ್ತದೆ?

ನರಗಳ ಮೂಲಕ. 2021ರಲ್ಲಿ ಹಾರ್ವರ್ಡ್‌ನ ಚಿಯುಫು ಮಾ ಮತ್ತು ಜೊತೆಗಾರರು ಇದರ ಒಂದು ದಾರಿಯನ್ನು ಸುಂಡಿಲಿಗಳಲ್ಲಿ ಸ್ಪಷ್ಟವಾಗಿ ತೋರಿಸಿದರು. ಮೊಣಕಾಲ ಕೆಳಗಿನ ಜುಸಾನ್ಲಿ ಅನ್ನುವ ಅಕ್ಯುಪಂಕ್ಚರ್ ಬಿಂದುವಿನ ಹತ್ತಿರ ಆಳದಲ್ಲಿ ಒಂದು ಬಗೆಯ ಸಂವೇದನಾ ನರಗಳಿವೆ. ಹಗುರ ಕರೆಂಟ್ ಅವನ್ನು ಎಬ್ಬಿಸಿದರೆ ಸಂದೇಶ ಮೆದುಳಿನ ಕಾಂಡಕ್ಕೆ ಹೋಗಿ, ವೇಗಸ್ ನರದಲ್ಲಿ ಇಳಿದು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ತಲುಪಿ ಉರಿಯೂತ ತಗ್ಗಿಸುತ್ತದೆ. ಆ ನರಗಳು ಹೊಟ್ಟೆಯ ಗೋಡೆಯಲ್ಲಿ ಇಲ್ಲ, ಅಲ್ಲಿ ಚುಚ್ಚಿದರೆ ಈ ಫಲ ಇಲ್ಲ. ಇದು ಪಾರ್ಕಿನ್ಸನ್ ಪ್ರಯೋಗ ಅಲ್ಲ ಅನ್ನುವುದು ನೆನಪಿರಲಿ.

2014ರಲ್ಲಿ ಇನ್ನೊಂದು ತಂಡ ಎಲೆಕ್ಟ್ರೋಅಕ್ಯುಪಂಕ್ಚರ್‌ನಿಂದ ಡೋಪಮಿನ್ ಏರಿದ್ದನ್ನು ತೋರಿಸಿತ್ತು. ಆ ವಾಕ್ಯ ಒಂದನ್ನೇ ಹಿಡಿದು ಎಷ್ಟೋ ಜನ ಪಾರ್ಕಿನ್ಸನ್‌ಗೆ ಮದ್ದು ಸಿಕ್ಕಿತು ಅಂತ ಹಂಚುತ್ತಾರೆ. ಆದರೆ ಆ ಡೋಪಮಿನ್ ಬಂದದ್ದು ಅಡ್ರಿನಲ್ ಗ್ರಂಥಿಯಿಂದ. ರಕ್ತದಲ್ಲಿರುವ ಡೋಪಮಿನ್ ಮೆದುಳಿಗೆ ದಾಟುವುದಿಲ್ಲ. ದಾಟುವುದಿಲ್ಲ ಅಂತಲೇ ಡಾಕ್ಟರು ನಮಗೆ ಡೋಪಮಿನ್ ಬದಲು, ಮೆದುಳಿಗೆ ದಾಟಿ ಅಲ್ಲಿ ಡೋಪಮಿನ್ ಆಗುವ ಲೆವೊಡೋಪಾ ಮಾತ್ರೆ ಬರೆಯುವುದು.

ಇಷ್ಟೆಲ್ಲ ಕಂಡ ಮೇಲೂ ಮನುಷ್ಯರಿಗೆ ಯಾಕೆ ನೇರವಾಗಿ ಅನ್ವಯಿಸಬಾರದು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು.

ಹೆಚ್ಚಿನ ಪ್ರಯೋಗಗಳಲ್ಲಿ ಸೂಜಿ ಶುರುವಾಗುವುದು ವಿಷ ಕೊಡುವ ಸ್ವಲ್ಪ ಮೊದಲು, ಇಲ್ಲವೇ ಕೊಟ್ಟ ಆಸುಪಾಸಿನಲ್ಲಿ. ಕೋಶಗಳು ಸಾಯುತ್ತಿರುವಾಗಲೇ ಕೈ ಹಿಡಿಯುವ ಅವಕಾಶ ಅಲ್ಲಿದೆ. ನಮ್ಮಪ್ಪನಂಥವರ ವಿಷಯವೇ ಬೇರೆ. ಕೈ ನಡುಗಿ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಅರ್ಧದ ಹತ್ತಿರ ಡೋಪಮಿನ್ ಕೋಶಗಳು ಹೋಗಿರುತ್ತವೆ, ಸ್ಟ್ರಯೇಟಮ್‌ನ ಡೋಪಮಿನ್ ಅದಕ್ಕಿಂತಲೂ ಜಾಸ್ತಿ ಇಳಿದಿರುತ್ತದೆ. ಮನೆಗೆ ಬೆಂಕಿ ಬಿದ್ದ ಕ್ಷಣಕ್ಕೆ ನೀರು ಹಾಕುವುದಕ್ಕೂ, ಮಾರನೆಯ ದಿನ ಬಂದು ಬೂದಿಗೆ ನೀರು ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಒಂದು ಪ್ರಯೋಗದ ವರದಿ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಇದನ್ನೇ: ವಿಷ ಯಾವ ದಿನ, ಸೂಜಿ ಯಾವ ದಿನ?

ಎರಡನೆಯದು, ಎಂಪಿಟಿಪಿ ಕೊಟ್ಟ ಸುಂಡಿಲಿಗಳು ಏನೂ ಮಾಡದಿದ್ದರೂ ಎಷ್ಟೋ ಸಲ ಕೆಲವು ವಾರಗಳಲ್ಲಿ ತಾವೇ ಚೇತರಿಸಿಕೊಳ್ಳುತ್ತವೆ. ಕಂಬದ ಪರೀಕ್ಷೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಅರ್ಧ ಮೀಟರಿನಷ್ಟು ಎತ್ತರದ ಒರಟು ಕೋಲಿನ ತುದಿಯಲ್ಲಿ ಸುಂಡಿಲಿಯನ್ನು ತಲೆ ಮೇಲಾಗಿ ಇಡುತ್ತೇವೆ. ಆರೋಗ್ಯವಾಗಿದ್ದರೆ ಗಿರಕ್ಕನೆ ತಿರುಗಿ ಸರಸರ ಇಳಿಯುತ್ತದೆ. ವಿಷ ಬಿದ್ದದ್ದು ಕೋಲನ್ನು ತಬ್ಬಿಕೊಂಡು ಹಾಗೇ ಕೂರುತ್ತದೆ, ತಿರುಗಲು ಹೋಗಿ ಪಕ್ಕಕ್ಕೆ ಜಾರುತ್ತದೆ. ಕೆಲವು ವಾರ ಬಿಟ್ಟು ನೋಡಿದರೆ ಅದೇ ಸುಂಡಿಲಿ ಮೊದಲಿಗಿಂತ ಚೆನ್ನಾಗಿ ಇಳಿದಿರುತ್ತದೆ. ಮನುಷ್ಯರ ಪಾರ್ಕಿನ್ಸನ್ ಹಾಗೆ ತಾನಾಗಿ ಹಿಂದೆ ಸರಿಯುವುದಿಲ್ಲ.

ಇನ್ನೂ ಇವೆ. ಈ ವಿಷಗಳು ಒಂದೆರಡು ವಾರದಲ್ಲಿ ಮಾಡುವ ಹಾನಿ ಮನುಷ್ಯರಲ್ಲಿ ಹತ್ತಾರು ವರ್ಷ ಹಿಡಿಯುತ್ತದೆ. ಪಾರ್ಕಿನ್ಸನ್‌ನ ಗುರುತಾದ ಲ್ಯೂಯಿ ಬಾಡಿ ಅನ್ನುವ ಪ್ರೋಟೀನ್ ಉಂಡೆಗಳು ಈ ಇಲಿಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಪ್ರಯೋಗದ ಸುಂಡಿಲಿಗೆ ಎರಡು ಮೂರು ತಿಂಗಳು ವಯಸ್ಸು, ನಮ್ಮವರಿಗೆ ಅರವತ್ತು ದಾಟಿದೆ. ಇಪ್ಪತ್ತೈದು ಗ್ರಾಂ ತೂಗುವ ಪ್ರಾಣಿಯ ಕಾಲಲ್ಲಿ ಒಂದು ಬಿಂದುವಿಗೂ ಪಕ್ಕದ ಬಿಂದುವಿಗೂ ಕೆಲವೇ ಮಿಲಿಮೀಟರ್ ದೂರ, ಕರೆಂಟ್ ಅಲ್ಲಿಗೂ ಹರಡುತ್ತದೆ. ಇದೇ ಬಿಂದು ಕೆಲಸ ಮಾಡಿತು ಅನ್ನುವುದು ಕಷ್ಟ.

ಮನುಷ್ಯರ ಮೇಲೆ ಪ್ರಯೋಗ ಆಗಿಲ್ಲವೇ?

ಆಗಿದೆ. ಹೆಚ್ಚಿನವು ಚಿಕ್ಕವು, ಕಡಿಮೆ ದಿನದವು. ಕೆಲವರಿಗೆ ನಿದ್ದೆ, ನೋವು, ಸುಸ್ತು ಸುಧಾರಿಸಿದೆ. ಆದರೆ ಕಾಯಿಲೆ ಮುಂದುವರಿಯುವುದನ್ನು ಇದು ತಡೆಯುತ್ತದೆ ಅನ್ನಲು ಆಧಾರ ಇಲ್ಲ.

ಪಾರ್ಕಿನ್ಸನ್‌ನಲ್ಲಿ ನಂಬಿಕೆಯ ಬಲ ಬೇರೆ ಎಷ್ಟೋ ಕಾಯಿಲೆಗಳಿಗಿಂತ ದೊಡ್ಡದು. 2001ರಲ್ಲಿ ವ್ಯಾಂಕೂವರ್‌ನ ಸಂಶೋಧಕರು ರೋಗಿಗಳಿಗೆ ಔಷಧಿ ಅಂತ ಬರಿ ಉಪ್ಪುನೀರು ಚುಚ್ಚಿ ಪೆಟ್ ಸ್ಕ್ಯಾನ್ ಮಾಡಿದರು. ಅವರ ಮೆದುಳಿನಲ್ಲಿ ನಿಜವಾಗಿಯೂ ಡೋಪಮಿನ್ ಬಿಡುಗಡೆಯಾಗಿತ್ತು! ಹಾಗಾಗಿ "ನನಗೆ ಹಗುರಾಯಿತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅದು ಸೂಜಿಯಿಂದಲೋ, ಆಸೆಯಿಂದಲೋ ಅಂತ ತಿಳಿಯಲು ನಕಲಿ ಸೂಜಿಯ ಗುಂಪು ಇಟ್ಟುಕೊಂಡೇ ಪ್ರಯೋಗ ಮಾಡಬೇಕು. ಇಲಿಗೆ ಈ ಥರದ ಆಸೆ ಇಲ್ಲ, ಪ್ರಾಣಿ ಪ್ರಯೋಗದ ಒಂದು ದೊಡ್ಡ ಲಾಭ ಅದು.

ನಸುಗುನ್ನಿ ಬೀಜದ ಹಾಗೆ ಇದೂ ಹಳೆಯ ಜ್ಞಾನ ತಾನೆ? ಯಾಕೆ ಅನುಮಾನ?

ನಸುಗುನ್ನಿಯ ಉದಾಹರಣೆ ಒಳ್ಳೆಯದೇ. ಕಂಪವಾತಕ್ಕೆ ಆಯುರ್ವೇದದಲ್ಲಿ ಬಳಸುವ ಆ ಬೀಜದಲ್ಲಿ ಲೆವೊಡೋಪಾ ಇದೆ ಅಂತ 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅವರು ಪ್ರಕಟಿಸಿದರು. ಅದು ಪಾರ್ಕಿನ್ಸನ್‌ಗೆ ಮದ್ದು ಅಂತ ವಿಜ್ಞಾನಕ್ಕೆ ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷದ ಮೇಲೆ ಬೇಕಾಯಿತು. 1957ರಲ್ಲಿ ಆರ್ವಿಡ್ ಕಾರ್ಲ್‌ಸನ್, ಮೆದುಳಿನ ಡೋಪಮಿನ್ ಬರಿದು ಮಾಡುವ ರೆಸರ್ಪಿನ್ ಕೊಟ್ಟು ಮಂಕಾದ ಮೊಲಗಳನ್ನು ಡೋಪಾ ಕೊಟ್ಟು ಎಬ್ಬಿಸಿದರು. ಆಮೇಲೆ ವಿಯೆನ್ನಾದ ಹಾರ್ನಿಕೀವಿಚ್ ರೋಗಿಗಳ ಮೆದುಳಿನಲ್ಲಿ ಡೋಪಮಿನ್ ಕೊರತೆ ಕಂಡುಹಿಡಿದರು. ಆಮೇಲೆ ಮನುಷ್ಯರಿಗೆ ಕೊಟ್ಟು ನೋಡಿದ್ದು. ಪ್ರಾಣಿಯಿಂದ ಮನುಷ್ಯರವರೆಗೆ ಒಂದೊಂದೇ ಮೆಟ್ಟಿಲು. ಎಲೆಕ್ಟ್ರೋಅಕ್ಯುಪಂಕ್ಚರ್ ಇನ್ನೂ ಕೆಳಗಿನ ಮೆಟ್ಟಿಲುಗಳಲ್ಲಿದೆ. ಅನುಮಾನ ಅಂದರೆ ಅವಮಾನ ಅಲ್ಲ.

ಸೂಜಿ ಶುರು ಮಾಡಿದರೆ ಮಾತ್ರೆ ಕಡಿಮೆ ಮಾಡಬಹುದಾ?

ಬೇಡ. ದಯವಿಟ್ಟು ಬೇಡ. ನಮ್ಮನೆಯಲ್ಲೇ ಇದು ಆಗಿದೆ. ಸೂಜಿ ಹಾಕುವವರೊಬ್ಬರು ಅಪ್ಪನಿಗೆ "ಇನ್ನು ಮಧ್ಯಾಹ್ನದ ಮಾತ್ರೆ ಬಿಡಿ, ನರ ಚುರುಕಾಗಿದೆ" ಅಂದರು. ಅಪ್ಪ ನಮಗೆ ಹೇಳದೆ ಬಿಟ್ಟರು. ನಾಲ್ಕನೆಯ ದಿನ ಸಂಜೆ ಬಚ್ಚಲ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟರು, ಹಿಂದೆ ಬರಲೂ ಆಗಲಿಲ್ಲ, ಮುಂದೆ ಹೋಗಲೂ ಆಗಲಿಲ್ಲ. ಅಮ್ಮ ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ. ಲೆವೊಡೋಪಾ ಪೂರ್ತಿ ಥಟ್ಟನೆ ನಿಲ್ಲಿಸಿದರೆ ವಿಪರೀತ ಜ್ವರ, ಮೈ ಬಿಗಿತ, ಗೊಂದಲ ಬಂದು ಜೀವಕ್ಕೇ ಅಪಾಯ ಆಗಬಹುದು. ಡೋಸ್ ಏರಿಸುವುದು ಇಳಿಸುವುದು ನಿಮ್ಮ ನ್ಯೂರಾಲಜಿಸ್ಟ್ ಹೇಳಿದ ಮೇಲೆ ಮಾತ್ರ.

ಯಾರು ಮಾಡಿಸಿಕೊಳ್ಳಬಾರದು?

ಪೇಸ್‌ಮೇಕರ್ ಇರುವವರು, ಡಿಬಿಎಸ್ ಯಂತ್ರ ಹಾಕಿಸಿಕೊಂಡವರು ಕರೆಂಟ್ ಇರುವ ಸೂಜಿಯಿಂದ ದೂರ ಇರಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಸೂಜಿ ಪ್ರತಿ ಸಲವೂ ಹೊಸದಾಗಿರಬೇಕು, ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ. ಜೋರಾಗಿ ನಡುಕ ಇರುವ ಕೈಗೆ ಚುಚ್ಚಿಸಿಕೊಳ್ಳುವ ಮುಂಚೆ ಸೂಜಿ ಬಾಗುವುದರ ಬಗ್ಗೆಯೂ ಕೇಳಿ.

ಕೊನೆಗೆ ನಿಮ್ಮಪ್ಪನಿಗೆ ಮಾಡಿಸಿದಿರಾ, ಬಿಟ್ಟಿರಾ?

ಮಾಡಿಸಿದೆವು. ಬೇರೆಯವರ ಹತ್ತಿರ, ಡಾಕ್ಟರಿಗೆ ಹೇಳಿ, ಮಾತ್ರೆ ಒಂದನ್ನೂ ಬಿಡದೆ, ಹತ್ತು ಸಲ. ಶುರು ಮಾಡುವ ಮುಂಚೆ ಒಂದು ವಾರ, ಮುಗಿದ ಮೇಲೆ ಒಂದು ವಾರ ಬೆಳಗ್ಗೆ ಒಂಬತ್ತಕ್ಕೆ ಅಪ್ಪ ಅಂಗಿಯ ಐದು ಗುಂಡಿ ಹಾಕಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಫೋನಿನಲ್ಲಿ ಅಳೆದೆವು. ಮೊದಲು ಸರಾಸರಿ ಎರಡು ನಿಮಿಷ ಹತ್ತು ಸೆಕೆಂಡ್. ಆಮೇಲೆ ಎರಡು ನಿಮಿಷ ಆರು ಸೆಕೆಂಡ್. ಭುಜದ ನೋವು ಮಾತ್ರ ಕಡಿಮೆಯಾಗಿದೆ ಅಂತ ಅಪ್ಪ ಹೇಳುತ್ತಾರೆ, ಈಗ ಎಡಮಗ್ಗುಲಿಗೂ ಮಲಗುತ್ತಾರೆ.